ಕೆಂಪು ಕೆಟಲ್‌ಗೆ ಮಡಿ, ಕಪ್ಪಿಗೆ ಮೈಲಿಗೆ

“ಅಲ್ಲ ಕಣೋ, ಇಷ್ಟು ವರ್ಷ ಈ ಇದ್ದಿಲು ಒಲೆ ಮೇಲೆ ದನ, ಹಂದಿ, ಕೋಳಿ ಏನೇನು ಸುಟ್ಟಿದ್ದಾರೋ! ಅದರಲ್ಲೇ ನೀನು ಬದನೆಕಾಯಿ ಸುಟ್ಟು ಗೊಜ್ಜು ಮಾಡ್ಕೊಂಡು ತಿಂತೀಯಲ್ಲೋ ಆಚಾರ್ರ ಮಗನೇ?” ಗೌಡ ಕೇಳಿದ.

ಪ್ರಸಾದ ತಲೆ ಎತ್ತಲಿಲ್ಲ. ಗ್ಯಾರೇಜಿನ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಕೆಂಪು ಮುಚ್ಚಳವನ್ನು ಅಂಗಾತ ಮಲಗಿಸಿಕೊಂಡು, ಪ್ಲಾಸ್ಟಿಕ್ ಪಟ್ಟಿಯಲ್ಲಿ ಒಳಗಿನ ಕರಿ ಹೆರೆಯುತ್ತಿದ್ದ. “ಸುಟ್ಟಿದ್ದೆಲ್ಲ ಸುಟ್ಟೇ ಹೋಯ್ತಲ್ಲ. ಇನ್ನೇನು ಉಳಿದಿದೆ?”

“ಉಳಿದಿದ್ದನ್ನೇ ತಾನೇ ಹೆರೀತಿರೋದು!”

ಷಿಕಾಗೋ ಪಕ್ಕದ ಶಾಂಬರ್ಗ್‌ನಲ್ಲಿ ಬೇಸಿಗೆ ಅಂದರೆ ಸಿಕ್ಕಷ್ಟೇ ಭಾಗ್ಯ. ಊರೆಲ್ಲ ಹಿತ್ತಲಿನಲ್ಲಿ ಹೊಗೆ ಎಬ್ಬಿಸುತ್ತಿದ್ದರೆ, ಸಸ್ಯಾಹಾರಿ ಪ್ರಸಾದ ಹಳೆಯ ವೆಬರ್ ಕೆಟಲ್‌ಗಳನ್ನು ಹುಡುಕಿ ತಂದು ಸ್ನಾನ ಮಾಡಿಸುತ್ತಾನೆ. ಗುಂಡು ಹೊಟ್ಟೆ, ಮೂರು ಕಾಲು, ಮೇಲೊಂದು ಗುಂಡು ಮುಚ್ಚಳದ ಇದ್ದಿಲು ಒಲೆ. ಕಸ ಒಯ್ಯುವ ದಿನ ಜನ ಅದನ್ನು ರಸ್ತೆ ಬದಿಗೆ ಇಡುತ್ತಾರೆ. ಲಾರಿಗಿಂತ ಮೊದಲು ಇವನ ಕಾರು ಹೋಗಿರುತ್ತದೆ.

“ಅಲ್ಲೋ, ಮನ್ಯಾಗ ಗ್ಯಾಸ್ ಐತಿ, ಓವನ್ ಐತಿ. ಮಂದಿ ಒಗದಿದ್ದು ತಂದು ತಿಕ್ಕೋದು ಯಾವ ಚಟಾಲೇ ಇದು?” ಧಾರವಾಡದ ಬಸು.

“ಯಾಕೆ ಒಗೀತಾರೆ ಗೊತ್ತಾ? ಮುಚ್ಚಳದ ಒಳಗೆ ಹೀಗೆ ಹಕ್ಕಳೆ ಎದ್ದಿದ್ದು ನೋಡಿ ಬಣ್ಣ ಕಿತ್ತು ಊಟಕ್ಕೆ ಬೀಳ್ತಿದೆ ಅಂದುಕೊಳ್ತಾರೆ. ಬಣ್ಣ ಎಲ್ಲಿಂದ ಬರಬೇಕು? ಇದು ಜಿಡ್ಡು, ಹೊಗೆ ಸೇರಿ ಗಟ್ಟಿಯಾದ ಕರಿ. ಕೆಳಗಿರೋದು ಎನಾಮಲ್. ಅಂದರೆ ಗಾಜು. ಗಾಜಿನ ಪುಡಿ ಬಳಿದು 800 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಉಕ್ಕಿಗೆ ಕರಗಿಸಿ ಅಂಟಿಸಿರ್ತಾರೆ. ಮಣ್ಣಿನ ಮಡಕೆ ಜಿಡ್ಡು ಹೀರುತ್ತೆ, ಅದಕ್ಕೆ ಶುದ್ಧಿ ಇಲ್ಲ. ಗಾಜು ಏನನ್ನೂ ಹೀರಲ್ಲ. ಮೇಲಾಗಿ ಅಗ್ನಿಸ್ಪರ್ಶ ಆಗಿದೆ. ಇದಕ್ಕಿಂತ ಮಡಿ ಬೇಕಾ?”

“ತಂತಿ ಜಾಲರಿ?” ಗೌಡ ಬಿಡುವವನಲ್ಲ.

“ಅದು ಹೊಸದು. 22 ಇಂಚಿನದು ಇವತ್ತಿಗೂ ಅಂಗಡೀಲಿ ಸಿಗುತ್ತೆ, ಹಳೇದಕ್ಕೆ ಸರಿಯಾಗಿ ಕೂರುತ್ತೆ.”

ಬಸು ಓವನ್ ತೊಳೆಯುವ ಸ್ಪ್ರೇ ಡಬ್ಬಿ ಎತ್ತಿ, “ಇದನ್ನ ಹೊಡದಬಿಡ್ಲೇನು, ಲಗೂ ಮುಗೀತೈತಿ” ಅಂದ. ಪ್ರಸಾದ ಕೂಸನ್ನು ಯಾರೋ ಕಸಿಯಲು ಬಂದಂತೆ ಮುಚ್ಚಳ ತಬ್ಬಿಕೊಂಡ. ಅದರಲ್ಲಿ ಕಾಸ್ಟಿಕ್ ಸೋಡ ಇದೆ; ಎನಾಮಲ್ ತಡೆದುಕೊಂಡೀತು, ಆದರೆ ಮುಚ್ಚಳದ ಮೇಲೆ ಗಾಳಿಕಿಂಡಿ ತೆರೆದು ಮುಚ್ಚುವ ಬಿಲ್ಲೆ ಅಲ್ಯೂಮಿನಿಯಂ, ಕೆಳಗಿನ ಬೂದಿತಟ್ಟೆ ಅಲ್ಯೂಮಿನಿಯಂ. ಎರಡೂ ಕಪ್ಪಾಗಿ ಸವೆದುಹೋಗುತ್ತವಂತೆ. ಆ ಬಿಲ್ಲೆಯ ಮೇಲೆ ಒಂದು ಅಕ್ಷರ ಒತ್ತಿರುತ್ತದೆ, ಅದರಿಂದ ಯಾವ ವರ್ಷದ್ದು ಅಂತ ತಿಳಿಯುತ್ತದೆ. ಅದು ಹೋದರೆ ಜಾತಕವೇ ಹೋದ ಹಾಗೆ. (ತನ್ನ ಮದುವೆಯ ತಾರೀಖು ಹೇಳಲು ಫೋನ್ ತೆಗೆಯುವ ಮನುಷ್ಯ ಇವನು.)

“ಎನಾಮಲ್ ಚಕ್ಕೆ ಎದ್ದಿದೆಯಲ್ಲೋ ಇಲ್ಲಿ, ಪೇಂಟ್ ಹೊಡಿ,” ಅಂದ ಗೌಡ.

“ಹೊಡೆದರೆ ಕಥೆ ಮುಗೀತು. ಸಂಗ್ರಹ ಮಾಡೋರು ಅದನ್ನು ಮುಟ್ಟಲ್ಲ. ಗಾಯ ಇದ್ದರೂ ಮೂಲ ಬಣ್ಣವೇ ಬೇಕು, ಮರದ ಹಿಡಿಯೂ ಮೂಲದ್ದೇ ಬೇಕು. ಕಪ್ಪು ಬೀದಿಗೊಂದು ಸಿಗುತ್ತೆ. ಹಳದಿ ಸಿಕ್ಕರೆ ನೋಡು…” ಎಂದು ಕಣ್ಣು ಮುಚ್ಚಿದ. ಹಳದಿ ಇನ್ನೂ ಸಿಕ್ಕಿಲ್ಲ.

“ಇಂಥಾ ಗುಂಡು ಆಕಾರ ಯಾವ ಪುಣ್ಯಾತ್ಮನ ತಲೀಗೆ ಬಂತೋ?” ಎಂದು ಬಸು ಕೇಳಬಾರದಿತ್ತು. ಪ್ರಸಾದ ಹೆರೆಯುವುದನ್ನು ನಿಲ್ಲಿಸಿ ಎದ್ದು ನಿಂತ. ಹರಿಕಥೆ ಶುರು.

ಪುಣ್ಯಾತ್ಮನ ಹೆಸರು ಜಾರ್ಜ್ ಸ್ಟೀಫನ್, ಇಲ್ಲೇ ಮೌಂಟ್ ಪ್ರಾಸ್ಪೆಕ್ಟ್‌ನವನು. ಷಿಕಾಗೋದ ವೆಬರ್ ಬ್ರದರ್ಸ್ ಎಂಬ ಲೋಹದ ಕಾರ್ಖಾನೆಯಲ್ಲಿ ಕೆಲಸ. ಅವತ್ತಿನ ತೆರೆದ ಒಲೆಗಳಲ್ಲಿ ಗಾಳಿ ಬಂದರೆ ಬೂದಿ ಊಟಕ್ಕೆ, ಮಳೆ ಬಂದರೆ ಬೆಂಕಿ ಊರಾಚೆಗೆ. ಕಾರ್ಖಾನೆಯಲ್ಲಿ ನೀರಿನ ಮೇಲೆ ತೇಲುವ ಬೋಯೆಗೆಂದು ಉಕ್ಕಿನ ಅರ್ಧಗೋಳ ಮಾಡುತ್ತಿದ್ದರು. 1952ರಲ್ಲಿ ಈತ ಒಂದು ಅರ್ಧಕ್ಕೆ ಕಾಲು ಹಚ್ಚಿದ, ಇನ್ನೊಂದಕ್ಕೆ ಹಿಡಿ ಹಚ್ಚಿ ಮುಚ್ಚಳ ಮಾಡಿದ. ಮುಚ್ಚಿದ ಕೂಡಲೇ ಬೆಂಕಿ ಆರಿತು. ಪಕ್ಕದ ಮನೆಯವರೊಬ್ಬರು ಬೆಂಕಿಗೆ ಗಾಳಿ ಬೇಕಪ್ಪಾ, ತೂತು ಕೊರಿ ಎಂದರಂತೆ. ಕೊರೆದ, ಉರಿಯಿತು. ಮುಂದೆ ರಷ್ಯದ ಉಪಗ್ರಹ ಹಾರಿದ ಮೇಲೆ ಜನ ಇದಕ್ಕೂ ಸ್ಪುಟ್ನಿಕ್ ಅಂತಲೇ ಅಡ್ಡಹೆಸರಿಟ್ಟರು.

“ಒಟ್ಟು ಹನ್ನೆರಡು ಮಕ್ಕಳು ಅವರಿಗೆ” ಎಂದು ಪ್ರಸಾದ ಭಕ್ತಿಯಿಂದ ಸೇರಿಸಿದ.

“ಮತ್ತ, ಹನ್ನೆರಡು ಮಂದಿಗೆ ರೊಟ್ಟಿ ಬಡಿಯೋಕಿಂತ ಇದು ಹಗುರಾತಲ್ಲ.”

ಇಷ್ಟರಲ್ಲಿ ಗೌಡ ತಂದಿದ್ದ ಮಸಾಲೆ ಹಚ್ಚಿದ ಕೋಳಿಯ ಡಬ್ಬಿ ತೆಗೆದ. ಪ್ರಸಾದ ಹಿತ್ತಲ ಮೂಲೆಗೆ ಕೈ ತೋರಿಸಿದ. “ಕಪ್ಪು ನಿನ್ನದು. ನೀಲಿ ಮೊಟ್ಟೆ ತಿನ್ನೋರಿಗೆ. ಈ ಕೆಂಪಿನ ಹತ್ತಿರ ಬರಬೇಡ, ಇದು ಮಡಿ.”

“ಮೊಟ್ಟೇನ ಇದ್ದಿಲ ಮ್ಯಾಲೆ ಯಾರು ಸುಡ್ತಾರೋ?”

“ಯಾರೂ ಸುಟ್ಟಿಲ್ಲ. ಅದಕ್ಕೇ ನೀಲಿ ಅಷ್ಟು ಹೊಸದಾಗಿದೆ.”

“ಆಯ್ತು ಸ್ವಾಮಿ. ಈ ಮಡಿ ಕೆಂಪು ಯಾರ ಮನೇದು?” ಗೌಡನ ದನಿ ಬಹಳ ಮೆತ್ತಗಿತ್ತು.

ಪ್ರಸಾದ ಗಂಟಲು ಸರಿಮಾಡಿಕೊಂಡ. “ಪಾಪ, ಒಬ್ಬ ಮುದುಕರು. ಮಾಂಸದ ಅಂಗಡಿ ಇಟ್ಟಿದ್ದರಂತೆ, ಈಗ ಮುಚ್ಚಿದ್ದಾರೆ.”

ನಾವು ನಕ್ಕು ಮುಗಿಸುವ ಹೊತ್ತಿಗೆ ಕಪ್ಪು ಕೆಟಲ್‌ನಲ್ಲಿ ಕೋಳಿ, ಕೆಂಪಿನಲ್ಲಿ ಮುಸುಕಿನ ಜೋಳ ಏರಿದ್ದವು. ಬಸು ಕ್ಷಣಕ್ಕೊಮ್ಮೆ ಮುಚ್ಚಳ ಎತ್ತಿ ಬೈಸಿಕೊಳ್ಳುತ್ತಿದ್ದ. ಎತ್ತಿದಷ್ಟೂ ಗಾಳಿ ನುಗ್ಗಿ ಇದ್ದಿಲು ಭಗ್ಗೆನ್ನುತ್ತದೆ, ಜೋಳ ಹೊರಗೆ ಕರಿಯಾಗಿ ಒಳಗೆ ಹಸಿಯಾಗಿರುತ್ತದೆ. ಎಲ್ಲ ಆದ ಮೇಲೆ ಮೇಲಿನ ಕೆಳಗಿನ ಕಿಂಡಿ ಎರಡೂ ಮುಚ್ಚಿಬಿಟ್ಟರೆ ಬೆಂಕಿ ತಾನೇ ಆರುತ್ತದೆ, ಉಳಿದ ಇದ್ದಿಲು ನಾಳೆಗಾಗುತ್ತದೆ. ಇದೊಂದು ಗುಣ ನನಗೂ ನಿಜವಾಗಿ ಹಿಡಿಸಿತು.

ಉಪ್ಪು, ಖಾರ, ನಿಂಬೆಹೋಳು ಹಿಡಿದು ಸುಮಾ ಹೊರಗೆ ಬಂದರು. “ಏನ್ರೀ, ಇವು ನೀರಲ್ಲಿ ತೇಲೋ ವಸ್ತುವಿಂದ ಹುಟ್ಟಿದ್ದು ಅಂದ್ರಲ್ಲ?”

“ಹೌದು ಮತ್ತೆ!” ಪ್ರಸಾದ ಉಬ್ಬಿದ. “ಗಾಜಿನ ಲೇಪ ಬೇರೆ. ಮಳೆ, ಹಿಮ, ಯಾವುದಕ್ಕೂ ಜಗ್ಗಲ್ಲ.”

“ಸರಿ ಹಾಗಾದ್ರೆ. ಈ ಚಳಿಗಾಲ ಅವು ಹೊರಗಿರಲಿ, ಕಾರು ಗ್ಯಾರೇಜಲ್ಲಿರಲಿ.”

ಗೌಡ ಕೋಳಿ ತಿರುವಿಹಾಕಲು ಹೋದ. ಬಸು ಬೈಸಿಕೊಳ್ಳದೆ ಮುಚ್ಚಳ ಎತ್ತಿದ.