ಸಹಾಯ ಬೇಕು: ಸ್ಪ್ಯಾನಿಷ್‌ನ ‘ಅಸ್ಕೆರೋಸೊ’ ಎಷ್ಟು ಕಟುವಾದ ಪದ?

ಎಲ್ಲರಿಗೂ ನಮಸ್ಕಾರ. ನಾನು ಮೆಕ್ಸಿಕೊ ಸಿಟಿಗೆ ಬಂದು ಆರು ತಿಂಗಳಾಯಿತು. ಮೊನ್ನೆ ರೂಮ್‌ಮೇಟ್‌ಗೆ ‘ಲಾ ಕೊಸೀನಾ ಎಸ್ತಾ ಅಸ್ಕೆರೋಸಾ’ ಅಂದೆ. ಅಡುಗೆಮನೆ ಗಲೀಜಾಗಿದೆ ಅಂತ ಹೇಳಬೇಕಿತ್ತು, ಅಷ್ಟೇ. ಅವಳ ಮುಖ ಬಾಡಿಹೋಯಿತು. ಆಮೇಲೆ ನೋಡಿದರೆ ಅದು ‘ಅಸ್ಕೊ’ಗೆ ಸಂಬಂಧಿಸಿದ ಪದ. ಅಸ್ಕೊ ಅಂದರೆ ಅಸಹ್ಯ, ವಾಕರಿಕೆ. ಬರೀ ಗಲೀಜಿಗೆ ‘ಸೂಸಿಯಾ’ ಸಾಕಿತ್ತು.

ವ್ಯಾಕರಣ ತಿಳಿದಿದೆ. ಪುಲ್ಲಿಂಗಕ್ಕೆ ಅಸ್ಕೆರೋಸೊ, ಸ್ತ್ರೀಲಿಂಗಕ್ಕೆ ಅಸ್ಕೆರೋಸಾ. ‘ಇದೆ’ ಅನ್ನೋಕೆ ‘ಎಸ್ತಾ’ ಈಗಿನ ಸ್ಥಿತಿಗೆ, ‘ಎಸ್’ ಗುಣವೇ ಹಾಗಿದ್ದರೆ. ನನಗೆ ಸಿಗದಿರುವುದು ಪದದ ತೂಕ. ಒಬ್ಬರ ನಡತೆಗೆ ‘ಎಸ್ ಅಸ್ಕೆರೋಸೊ’ ಅಂದರೆ ನಮ್ಮ ‘ಛೀ, ಅಸಹ್ಯ’ದಷ್ಟೇನಾ, ಅದಕ್ಕಿಂತ ಜಾಸ್ತಿನಾ? ಅಸಹ್ಯಕರ ಅನ್ನೋ ಅರ್ಥದ್ದೇ ಆದ ‘ರೆಪುಗ್ನಾಂತೆ’ ಇನ್ನೂ ಕಟುವಾ?

ಅವಳು ತುಂಬಾ ಒಳ್ಳೆಯ ಹುಡುಗಿ. ಕ್ಷಮೆ ಕೇಳಬೇಕು. ಮೆಕ್ಸಿಕೊದ ಮಾತು ಬಲ್ಲವರು ಹೇಗೆ ಕೇಳುವುದು ಅಂತ ಹೇಳ್ತೀರಾ?