ಚಳಿಗಾಲದ ಆರೋಹಣ: ಸೊಂಟಮಟ್ಟದ ಹಿಮದಿಂದ ಹಿಂತಿರುಗಿದ್ದು ಸರಿಯೇ?

ಏರುದಾರಿ: ಮಾರ್ಚ್ 4ರಂದು ನಾವು ನಾಲ್ವರು ನಸುಕಿನ ಮೂರು ಗಂಟೆಗೆ ಶಿಬಿರದಿಂದ ಹೊರಟೆವು. ಮೊಣಕಾಲುಮಟ್ಟವಿದ್ದ ಹಿಮ ಬರಬರುತ್ತಾ ಸೊಂಟಕ್ಕೆ ಬಂತು. ಮುಂದಿದ್ದವನು ಕೈಯಿಂದ ಹಿಮ ಸರಿಸಿ, ಮೊಣಕಾಲಿನಿಂದ ಒತ್ತಿ, ಆಮೇಲೆ ಪಾದವಿಡಬೇಕಿತ್ತು. ಮೂವತ್ತು ಹೆಜ್ಜೆಗೊಮ್ಮೆ ಸರದಿ ಬದಲಾಯಿಸಿದರೂ ಆರು ಗಂಟೆಗಳಲ್ಲಿ ಏರಿದ್ದು 300 ಮೀಟರ್ ಮಾತ್ರ. ಶಿಖರಕ್ಕೆ ಇನ್ನು 250 ಮೀಟರ್ ಇದ್ದಾಗ ಕಾಲಡಿಯಲ್ಲಿ ‘ಧಪ್’ ಎಂಬ ಸದ್ದಾಗಿ, ಹಿಮದ ಮೇಲೆ ಬಿರುಕೊಂದು ಸರ್ರನೆ ಓಡಿತು. ಹಿಂತಿರುಗಿದೆವು. ಆಕಾಶ ಶುಭ್ರವಾಗಿದ್ದುದರಿಂದ ಈಗ ಮನಸ್ಸು ಕೊರೆಯುತ್ತಿದೆ.

ಶಿಖರದಾಹಿ: ಆಕಾಶ ಶುಭ್ರವಾಗಿತ್ತೆಂದು ನೀವೇ ಬರೆದಿದ್ದೀರಿ, ಇದನ್ನು ಅಂಜಿಕೆಯೆನ್ನದೆ ಮತ್ತೇನೆನ್ನಲಿ? ಪೋಲೆಂಡಿನ ಆರೋಹಿಗಳಾದ ವಿಯೆಲಿಟ್ಸ್ಕಿ ಮತ್ತು ಚಿಖಿ ಚಳಿಗಾಲದಲ್ಲೇ, 1980ರ ಫೆಬ್ರವರಿ 17ರಂದು, ಪರವಾನಗಿಯ ಕಟ್ಟಕಡೆಯ ದಿನ, ಎವರೆಸ್ಟ್ ಏರಿದರು.

ಹಿಮಗಣಕ: ಶುಭ್ರ ಆಕಾಶಕ್ಕೂ ಹಿಮದ ಒಳಪದರಕ್ಕೂ ಏನು ಸಂಬಂಧ, ಸ್ವಾಮಿ? ಆ ‘ಧಪ್’ ಎಂಬುದು ಗಟ್ಟಿ ಹಿಮದ ಕೆಳಗಿನ ದುರ್ಬಲ ಪದರ ಕುಸಿದ ಸದ್ದು. ಹಲಗೆಯಂತೆ ಜಾರುವ ಹಿಮಕುಸಿತಗಳು ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಪೂರ್ತಿ ಹೂತುಹೋದವರಲ್ಲಿ ಹೆಚ್ಚಿನವರು ಮೊದಲ ಹತ್ತು ನಿಮಿಷ ಬದುಕಿರುತ್ತಾರೆ; ಅನಂತರ ಉಸಿರುಗಟ್ಟಿ ಆ ಪ್ರಮಾಣ ದಿಢೀರನೆ ಇಳಿಯುತ್ತದೆ.

ಪಂಚಾಂಗಿ: ಅದೆಲ್ಲ ಇರಲಿ, ಮಾರ್ಚ್ 4 ಚಳಿಗಾಲವಾದದ್ದು ಯಾವ ಲೆಕ್ಕದಲ್ಲಿ? ಹವಾಮಾನಶಾಸ್ತ್ರದ ಚಳಿಗಾಲ ಫೆಬ್ರವರಿಯೊಂದಿಗೇ ಮುಗಿಯುತ್ತದೆ.

ಹಳೆಹಗ್ಗ: ಆರೋಹಿಗಳು ಸಾಮಾನ್ಯವಾಗಿ ಒಪ್ಪಿರುವುದು ಡಿಸೆಂಬರ್ 21ರಿಂದ ಮಾರ್ಚ್ 20ರವರೆಗಿನ ಅವಧಿಯನ್ನು. ಪಾಕಿಸ್ತಾನ-ಚೀನಾ ಗಡಿಯ ಶಿಖರ ಬ್ರಾಡ್ ಪೀಕ್‌ನ ಮೊದಲ ಚಳಿಗಾಲದ ಆರೋಹಣವೆಂದು ದಾಖಲಾಗಿರುವುದು 2013ರ ಮಾರ್ಚ್ 5ರದ್ದು.

ಪಂಚಾಂಗಿ: ‘ಸಾಮಾನ್ಯವಾಗಿ’ ಎಂಬ ಪದದ ಹಿಂದೆ ಅಡಗಿಕೊಳ್ಳಬೇಡಿ. ಹೆಸರಾಂತ ಪರ್ವತಾರೋಹಿ ಡೆನಿಸ್ ಉರುಬ್ಕೊ ಅದನ್ನು ಒಪ್ಪುವುದಿಲ್ಲ. ಫೆಬ್ರವರಿ ಮುಗಿಯುವುದರೊಳಗೆ ಏರಬೇಕೆಂದೇ 2018ರಲ್ಲಿ ಜಗತ್ತಿನ ಎರಡನೇ ಅತಿ ಎತ್ತರದ ಶಿಖರವಾದ ಕೆ2ನಲ್ಲಿ ತಂಡವನ್ನು ಬಿಟ್ಟು ಒಬ್ಬರೇ ಹೊರಟರು.

ಹಳೆಹಗ್ಗ: ಒಬ್ಬರೇ ಹೊರಟರು, ಶಿಖರ ಮುಟ್ಟದೆ ಮರಳಿದರು, ಒಬ್ಬರ ಹಟ ಎಲ್ಲರ ನಿಯಮವಾಗುವುದೇ? ಬ್ರಾಡ್ ಪೀಕ್ ಏರಿದ ನಾಲ್ವರಲ್ಲಿ ಇಬ್ಬರು ಇಳಿಯುವಾಗ ಪ್ರಾಣ ಬಿಟ್ಟರು. ಅದು ವಸಂತದ ವಿಹಾರವಾಗಿತ್ತೆಂದು ಹೇಳುವ ಧೈರ್ಯ ನಿಮಗಿದೆಯೇ?

ಪಂಚಾಂಗಿ: ವಿಹಾರವೆಂದು ನಾನು ಎಲ್ಲಿ ಬರೆದೆ? ವಾದ ಸೋತಾಗ ಸತ್ತವರನ್ನು ಅಡ್ಡ ತರುವುದು ನಾಚಿಕೆಗೇಡು.

ಶಿಖರದಾಹಿ: ಏನೇ ಆಗಲಿ, ಆ ನಾಲ್ವರೂ ‘ಏರಿದ’ವರು ಎಂಬುದನ್ನು ಹಳೆಹಗ್ಗ ಅವರೇ ಬರೆದುಕೊಟ್ಟಿದ್ದಾರೆ.

ಹಿಮಗಣಕ: ಇಳಿದವರೆಷ್ಟು ಎಂಬುದನ್ನೂ ಬರೆದಿದ್ದಾರೆ, ಓದಿಕೊಳ್ಳಿ. ಏರುದಾರಿಯವರೇ, ಇಳಿಜಾರು ಎಷ್ಟಿತ್ತು?

ಏರುದಾರಿ: ಬಿರುಕು ಬಿಟ್ಟ ಜಾಗದಲ್ಲಿ ಅಳೆದಾಗ 36 ಡಿಗ್ರಿ ಇತ್ತು. ಎಡಗಡೆಯ ಏಣಿನಲ್ಲಿ ಗಾಳಿ ಹಿಮವನ್ನೆಲ್ಲ ಗುಡಿಸಿ ಬಂಡೆ ತೋರುತ್ತಿದೆ. ಇನ್ನೊಂದು ವಾರದ ನಂತರ ಅಲ್ಲಿಂದ ಪ್ರಯತ್ನಿಸಬಹುದೇ?

ಪಂಚಾಂಗಿ: ಧಾರಾಳವಾಗಿ ಪ್ರಯತ್ನಿಸಿ. ಅದಕ್ಕೂ ಮೊದಲು ಶೀರ್ಷಿಕೆಯಿಂದ ‘ಚಳಿಗಾಲದ’ ಎಂಬ ಪದವನ್ನು ತೆಗೆಯಿರಿ.