ಮ್ಯಾನೇಜರನ ಸ್ವಪರಿಚಯದಲ್ಲಿ ತಾಳಮದ್ದಳೆಗೆ ಜಾಗವಿದೆಯೇ?

ಪ್ರಶ್ನೆ: ಘಾಟ್‌ಕೋಪರದ ಅರ್ಥಧಾರಿ

ಎಲ್ಲರಿಗೂ ನಮಸ್ಕಾರ. ವಿದ್ಯುತ್ ಸಾಮಗ್ರಿಗಳನ್ನು ಸಗಟಾಗಿ ವಿತರಿಸುವ ಮುಂಬಯಿಯ ಒಂದು ಸಂಸ್ಥೆಯಲ್ಲಿ ನಾನು ಹದಿನಾರು ವರ್ಷಗಳಿಂದ ದುಡಿಯುತ್ತಿದ್ದು, ಕಳೆದ ಏಪ್ರಿಲ್‌ನಲ್ಲಿ ಪಶ್ಚಿಮ ವಲಯದ ಬಿಸಿನೆಸ್ ಮ್ಯಾನೇಜರ್ ಆದೆ. ಕಚೇರಿ ಅಂಧೇರಿಯಲ್ಲಿ, ಗೋದಾಮು ಭಿವಂಡಿಯಲ್ಲಿ. ಗಿರಾಕಿಗಳಲ್ಲಿ ಹೆಚ್ಚಿನವರು ಲೋಹಾರ್ ಚಾಳ್ ಪೇಟೆಯ ವ್ಯಾಪಾರಿಗಳು. ಈ ಮೂರರ ನಡುವಿನ ಓಡಾಟದಲ್ಲಿಯೇ ವಾರದ ಅರ್ಧ ಕಳೆದುಹೋಗುತ್ತದೆ.

ಈಗ ಸಂಸ್ಥೆಯವರು ಒಂದು ಕಿರುಹೊತ್ತಗೆ ತರುತ್ತಿದ್ದಾರೆ. ಪ್ರತಿಯೊಬ್ಬ ಮ್ಯಾನೇಜರನೂ ನೂರೈವತ್ತು ಪದಗಳಲ್ಲಿ ತನ್ನ ಪರಿಚಯವನ್ನು ಬರೆದುಕೊಡಬೇಕು. ಅರ್ಧದಲ್ಲಿ ವೃತ್ತಿಯಿಂದ ಕಲಿತದ್ದು, ಇನ್ನರ್ಧದಲ್ಲಿ ವೈಯಕ್ತಿಕ ಆಸಕ್ತಿ. ಸಹೋದ್ಯೋಗಿಗಳು ಮ್ಯಾರಥಾನ್, ಗಾಲ್ಫ್, ಪ್ರವಾಸ ಎಂದು ಬರೆದು ಕೊಟ್ಟಾಗಿದೆ. ನನ್ನ ಆಸಕ್ತಿ ತಾಳಮದ್ದಳೆ, ಅಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಹಾಡು ಮಾತುಗಳಲ್ಲಿ ನಡೆಸುವ ಯಕ್ಷಗಾನ. ಹದಿನೈದು ವರ್ಷಗಳಿಂದ ಭಾನುವಾರದ ಕೂಟದಲ್ಲಿ ಅರ್ಥ (ಪಾತ್ರದ ಮಾತು) ಹೇಳುತ್ತಿದ್ದೇನೆ. ಅದನ್ನು ಬರೆದರೆ, ಅದು ಏನೆಂದು ವಿವರಿಸುವುದರಲ್ಲಿಯೇ ಪದಗಳೆಲ್ಲ ಮುಗಿಯುತ್ತವೆ. ಅದಕ್ಕಿಂತ ಹೆಚ್ಚಿನ ಅಳುಕೂ ಒಂದಿದೆ. ನನಗೆ ಬಡ್ತಿ ಸಿಕ್ಕ ದಿನ ಮೇಲಧಿಕಾರಿಯೊಬ್ಬರು ನಗುತ್ತಲೇ, ಇನ್ನು ನಾಟಕಕ್ಕೆಲ್ಲ ಪುರುಸೊತ್ತು ಸಿಗಲಾರದು ಎಂದಿದ್ದರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದೂ ಹೇಳುವಂತಿಲ್ಲ. ಎರಡು ವಾರಗಳ ಹಿಂದೆ ಶಾಲು ಹೊದ್ದು ವಾಲಿಯಾಗಿ ಕುಳಿತು ರಾಮನನ್ನು ಪ್ರಶ್ನಿಸುತ್ತಿದ್ದಾಗ ಜೇಬಿನ ಫೋನ್ ಏಳು ಸಲ ನಡುಗಿತು. ಭಿವಂಡಿಯಲ್ಲಿ ಲಾರಿಯೊಂದು ಸರಕು ಇಳಿಸಲಾಗದೆ ನಿಂತಿತ್ತು. ಎದುರಿನ ಅರ್ಥಧಾರಿ ಹೇಳಿದ ಒಂದು ಮಾತೂ ನನ್ನ ಕಿವಿಗೆ ಬೀಳಲಿಲ್ಲ.

ವೃತ್ತಿಯ ಭಾಗದಲ್ಲಿ ಏನು ಬರೆಯುವುದು ಉಚಿತ, ಆಸಕ್ತಿಯ ಭಾಗದಲ್ಲಿ ಇದನ್ನು ಬರೆಯಬಹುದೇ, ಮತ್ತು ನಿಜವಾಗಿ ಈ ಎರಡನ್ನೂ ಒಟ್ಟಿಗೆ ನಡೆಸಲು ಸಾಧ್ಯವೇ ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ: ಭೋಸರಿಯಲ್ಲಿರುವ ಧಾರವಾಡದವ

ನಿಮ್ಮ ಮೂರನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದು ಬಗೆಹರಿದರೆ ಉಳಿದೆರಡು ಕಷ್ಟವಲ್ಲ. ನಾನು ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ವ್ಯವಹಾರವನ್ನು ನೋಡಿಕೊಳ್ಳುತ್ತೇನೆ. ನನ್ನ ಹುಚ್ಚು ಹಿಂದೂಸ್ತಾನಿ ಸಂಗೀತ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿನಲ್ಲಿ 1953ರಲ್ಲಿ ಆರಂಭಿಸಿದ ಉತ್ಸವ ಇಂದಿಗೂ ಪ್ರತಿ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಧಾರವಾಡದ ಕಡೆಯವನು ಪುಣೆಯಲ್ಲಿದ್ದೂ ಅದನ್ನು ತಪ್ಪಿಸಿಕೊಂಡರೆ ಊರಿಗೆ ಹೋದಾಗ ಮುಖ ತೋರಿಸುವಂತಿಲ್ಲ. ಆದರೆ ಡಿಸೆಂಬರ್ ನಮಗೆ ತ್ರೈಮಾಸಿಕದ ಕೊನೆಯೂ ಹೌದು. ಮ್ಯಾನೇಜರ್ ಆದ ಮೊದಲ ಎರಡು ವರ್ಷ ನಾನು ಮಂಟಪದಲ್ಲಿ ಕುಳಿತಿದ್ದರೂ ಗಮನವೆಲ್ಲ ಫೋನಿನ ಮೇಲಿತ್ತು. ನಿಧಾನಗತಿಯ ವಿಲಂಬಿತ ಖ್ಯಾಲ್ ಅರ್ಧಕ್ಕೆ ಬಂದಾಗ ಎದ್ದು ಹೊರಗೆ ಹೋಗಿ, ತಿರಸ್ಕೃತ ಮಾಲಿನ ಬಗ್ಗೆ ಗಿರಾಕಿಯೊಡನೆ ವಾದಿಸಿ, ಮರಳಿ ಬರುವಷ್ಟರಲ್ಲಿ ಗಾಯಕರು ವೇಗದ ದ್ರುತ್ ಕೂಡ ಮುಗಿಸಿರುತ್ತಿದ್ದರು.

ಮೂರನೆಯ ವರ್ಷ ಜನವರಿಯಲ್ಲಿಯೇ ಆ ದಿನಗಳ ರಜೆಯನ್ನು ಬರೆದುಕೊಟ್ಟೆ. ನಾನಿಲ್ಲದಾಗ ಯಾವ ನಿರ್ಧಾರವನ್ನು ಯಾರು, ಎಷ್ಟು ರೂಪಾಯಿಯವರೆಗೆ ತೆಗೆದುಕೊಳ್ಳಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಲು ಕುಳಿತಾಗ ನನಗೇ ನಾಚಿಕೆಯಾಯಿತು. ಹದಿನೆಂಟು ಸಾವಿರ ರೂಪಾಯಿಯ ಮರುಕೆಲಸಕ್ಕೂ ನನ್ನ ಒಪ್ಪಿಗೆ ಬೇಕಾಗಿತ್ತು, ಮೂವರು ಪೂರೈಕೆದಾರರ ದರ ನನ್ನ ತಲೆಯಲ್ಲಿ ಮಾತ್ರ ಇತ್ತು. ಅದನ್ನು ನಾನು ಜವಾಬ್ದಾರಿ ಎಂದು ತಿಳಿದಿದ್ದೆ. ನಿಜಕ್ಕೂ ಅದು ಜಿಪುಣತನವಾಗಿತ್ತು. ಈಗ ಆ ಹಾಳೆ ವರ್ಷವಿಡೀ ಗೋಡೆಯ ಮೇಲಿರುತ್ತದೆ. ನಿಮ್ಮ ಭಿವಂಡಿಯ ಲಾರಿಯ ವಿಷಯದಲ್ಲಿಯೂ ನಾನು ಕೇಳುವುದು ಇಷ್ಟೇ: ಗೋದಾಮಿನ ಮೇಲ್ವಿಚಾರಕನಿಗೆ ಆ ಸರಕನ್ನು ಇಳಿಸಿಕೊಳ್ಳುವ ಅಧಿಕಾರ ಏಕಿರಲಿಲ್ಲ? ವಾಲಿಯ ಏಕಾಗ್ರತೆ ಕೆಟ್ಟದ್ದು ತಾಳಮದ್ದಳೆಯ ದೋಷವಲ್ಲ.

ಇನ್ನು ವೃತ್ತಿಯ ಭಾಗ. ನಿಮ್ಮದು ಉದ್ರಿ ವ್ಯಾಪಾರವಾದ್ದರಿಂದ ಬಾಕಿ ವಸೂಲಿಯ ಬಗ್ಗೆ ಬರೆಯಿರಿ. ಒಂದು ಲೆಕ್ಕ ಹಾಕಿ ನೋಡಿ: ವರ್ಷಕ್ಕೆ 12 ಕೋಟಿ ರೂಪಾಯಿಯ ಮಾರಾಟವಿದ್ದು ಸದಾ 3 ಕೋಟಿ ಬಾಕಿ ಇರುತ್ತದೆ ಎಂದಾದರೆ, ನಿಮ್ಮ ಹಣ ಸರಾಸರಿ 91 ದಿನ ಮಾರುಕಟ್ಟೆಯಲ್ಲಿ ಕುಳಿತಿದೆ ಎಂದರ್ಥ. ಅದನ್ನು 60 ದಿನಕ್ಕೆ ಇಳಿಸಿದರೆ ಸುಮಾರು 1 ಕೋಟಿ ಕೈಗೆ ಬರುತ್ತದೆ. ಬ್ಯಾಂಕಿನ ಬಡ್ಡಿ ಶೇ 12 ಎಂದಿಟ್ಟುಕೊಂಡರೆ ವರ್ಷಕ್ಕೆ 12 ಲಕ್ಷದ ಉಳಿತಾಯ. ಹೊಸದಾಗಿ ಒಂದು ಸ್ವಿಚ್ಚನ್ನೂ ಮಾರದೆ ಬಂದ ಹಣ ಇದು. ಅದರ ಮೇಲೆ, ಗಿರಾಕಿ ಹಣ ಕೊಡಲಿ ಬಿಡಲಿ, ಬಿಲ್ಲು ಮಾಡಿದ ತಿಂಗಳ ಜಿಎಸ್‌ಟಿಯನ್ನು ಮುಂದಿನ ತಿಂಗಳು ನೀವು ಕಟ್ಟಲೇಬೇಕು. ನಮ್ಮಂಥ ಸಣ್ಣ ಉತ್ಪಾದಕರಿಗೆ ಸಣ್ಣ ಉದ್ದಿಮೆಗಳಿಗಾಗಿ ಬಂದ 2006ರ ಎಂಎಸ್‌ಎಂಇಡಿ ಕಾಯ್ದೆ, ಗಿರಾಕಿ ಹಣ ಕೊಡಲು 45 ದಿನಗಳ ಮಿತಿ ಹಾಕಿ, ರಕ್ಷಣೆಯನ್ನಾದರೂ ಕೊಟ್ಟಿದೆ (ದೊಡ್ಡ ಗಿರಾಕಿಯ ಎದುರು ಅದನ್ನು ಎತ್ತಿ ಹೇಳುವ ಧೈರ್ಯ ಎಷ್ಟು ಜನರಿಗಿದೆ ಎಂಬುದು ಬೇರೆ ಮಾತು), ವ್ಯಾಪಾರಿ ಸಂಸ್ಥೆಗಳಿಗೆ ಅದೂ ಇಲ್ಲ. ನಿಮಗಿರುವುದು ಮಾತು ಮತ್ತು ಸಂಬಂಧ ಮಾತ್ರ. ಅರ್ಥಧಾರಿಯಾದ ನೀವು ಆ ಬಲವನ್ನು ಕೂಟದಲ್ಲಿಯೇ ಗಳಿಸಿಕೊಂಡಿದ್ದೀರಿ ಎಂದು ನನಗೆ ಅನ್ನಿಸುತ್ತದೆ, ಅದನ್ನೇ ಬರೆಯಿರಿ.

ಉತ್ತರ: ಮಾಂಡವಿ ತೀರದಿಂದ

ನಾನು ಕಾರವಾರದವಳು, ಪಣಜಿಯ ಒಂದು ಹೋಟೆಲಿನಲ್ಲಿ ವ್ಯವಹಾರ ವಿಭಾಗವನ್ನು ನೋಡಿಕೊಳ್ಳುತ್ತೇನೆ. ಭೋಸರಿಯವರು ರಜೆ ಮತ್ತು ಅಧಿಕಾರ ಹಂಚಿಕೆಯ ಬಗ್ಗೆ ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅವರ ಕೊನೆಯ ವಾಕ್ಯವನ್ನು ಮಾತ್ರ ಒಪ್ಪಲಾರೆ.

ವೃತ್ತಿಯ ಭಾಗದಲ್ಲಿ ಗ್ರಾಹಕನೇ ದೇವರು ಎಂಬಂಥ ಮಾತನ್ನು ದಯವಿಟ್ಟು ಬರೆಯಬೇಡಿ. ನಿಮಗೆ ತಡವಾಗಿ ತಿಳಿದ ಒಂದು ಸಂಗತಿಯನ್ನು ಬರೆಯಿರಿ. ನನ್ನದು ಹೇಳುತ್ತೇನೆ. 40 ಕೋಣೆಗಳ ಹೋಟೆಲಿನಲ್ಲಿ ಮಳೆಗಾಲದ ಒಂದು ವಾರಾಂತ್ಯ 3,800 ರೂಪಾಯಿಗೆ ದರ ಇಳಿಸಿ 38 ಕೋಣೆಗಳನ್ನು ತುಂಬಿಸಿದಾಗ ನಾನು ಹೆಮ್ಮೆಯಿಂದ ಬೀಗಿದ್ದೆ. ರಾತ್ರಿಯ ಆದಾಯ 1,44,400 ರೂಪಾಯಿ. ಅದರ ಹಿಂದಿನ ವಾರ 5,000 ರೂಪಾಯಿಯ ದರದಲ್ಲಿ 30 ಕೋಣೆಗಳಷ್ಟೇ ಹೋಗಿದ್ದವು, ಆದಾಯ 1,50,000. ಎಂಟು ಕೋಣೆಗಳ ಹಾಸಿಗೆ ಬಟ್ಟೆ, ನೀರು, ವಿದ್ಯುತ್ತು, ಬೆಳಗಿನ ತಿಂಡಿ ಎಲ್ಲ ಹೆಚ್ಚುವರಿಯಾಗಿ ಖರ್ಚಾಗಿ, ಬಂದದ್ದು ಕಡಿಮೆ. ಇಂದು ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲಾಗುವುದಿಲ್ಲ ಎಂಬ ಭಯ ನಮ್ಮ ವೃತ್ತಿಯಲ್ಲಿ ಬಹಳ ದೊಡ್ಡದು. ಆ ಭಯವೇ ನನ್ನ ಕೈಯಿಂದ ದರ ಇಳಿಸಿಸಿತ್ತು. ತಿಂಗಳ ಕೊನೆಯಲ್ಲಿ ಲಾಂಡ್ರಿಯ ಬಿಲ್ಲು ಬಂದಾಗ ಕಣ್ಣು ತೆರೆಯಿತು.

ನನ್ನ ಆಸಕ್ತಿ ಹಕ್ಕಿಗಳು. ವಾರದ ರಜೆಯ ದಿನ ಬೆಳಗ್ಗೆ ರಾಯಬಂದರದಿಂದ ಫೆರಿ ಹಿಡಿದು ಚೋಡಣ ದ್ವೀಪಕ್ಕೆ ಹೋಗುತ್ತೇನೆ. ಅಲ್ಲಿನ ಸಲೀಂ ಅಲಿ ಪಕ್ಷಿಧಾಮ ಎರಡು ಚದರ ಕಿಲೋಮೀಟರಿನಷ್ಟೂ ಇಲ್ಲ, ಇಡೀ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ನೀರು ಇಳಿದಾಗ ಕೆಸರಿನಲ್ಲಿ ಬೇಟೆಯಾಡುವ ಹಕ್ಕಿಗಳನ್ನು ನೋಡುತ್ತಾ ಕುಳಿತರೆ ಎರಡು ಗಂಟೆ ಹೋದದ್ದೇ ತಿಳಿಯುವುದಿಲ್ಲ. ಒಂದು ಸಭೆಯಲ್ಲಿ ಇದನ್ನು ಹೇಳಿದಾಗ, ಹಕ್ಕಿ ನೋಡುವುದರಿಂದ ತಾಳ್ಮೆ ಬೆಳೆದು ಮಾರಾಟಕ್ಕೆ ಅನುಕೂಲವಾಗಿರಬೇಕಲ್ಲವೇ ಎಂದು ಒಬ್ಬರು ಕೇಳಿದರು. ಇಲ್ಲ ಎಂದೆ. ಆ ಎರಡು ಗಂಟೆಯಲ್ಲಿ ನಾನು ಯಾರಿಗೂ ಏನನ್ನೂ ಮಾರುತ್ತಿಲ್ಲ, ಅದಕ್ಕಾಗಿಯೇ ಅಲ್ಲಿಗೆ ಹೋಗುತ್ತೇನೆ. ನಿಮ್ಮ ವಾಲಿಯನ್ನು ಬಾಕಿ ವಸೂಲಿಯ ಕೆಲಸಕ್ಕೆ ಹಚ್ಚಬೇಡಿ.

ಉತ್ತರ: ಡೊಂಬಿವಲಿಯ ಹಿರಿಯ

ಹಗಲು ಕೋಟೆ (ಫೋರ್ಟ್) ಪ್ರದೇಶದ ಹೋಟೆಲೊಂದರಲ್ಲಿ ತಟ್ಟೆ ಎತ್ತಿ, ರಾತ್ರಿ ಕನ್ನಡ ಶಾಲೆಯಲ್ಲಿ ಓದಿ, ಲೆಕ್ಕಪತ್ರ ವಿಭಾಗದಲ್ಲಿ ನಿವೃತ್ತನಾದ ಹಳೆಯ ತಲೆ ನಾನು. ಮುಂಬಯಿಯ ನಮ್ಮವರಲ್ಲಿ ವೃತ್ತಿಯೂ ಆಸಕ್ತಿಯೂ ಒಟ್ಟಿಗೆ ನಡೆಯುವುದು ಹೊಸ ಸಂಗತಿಯೇನಲ್ಲ. ತಿರುಗಾಟ ಮುಗಿಸುವ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಊರಿನಿಂದ ಬರುವ ಕಲಾವಿದರ ಮಳೆಗಾಲದ ಕಾರ್ಯಕ್ರಮಗಳನ್ನು ಈ ನಗರದಲ್ಲಿ ನಿಲ್ಲಿಸಿಕೊಂಡು ಬಂದವರು ಹೋಟೆಲಿನವರು, ಬ್ಯಾಂಕಿನವರು, ಕಾರ್ಖಾನೆಯವರೇ.

ಕಾರವಾರದ ತಂಗಿಯ ಮಾತು ನನಗೆ ಮೆಚ್ಚುಗೆಯಾಯಿತು. ಆದರೂ ಒಂದು ಮಾತನ್ನು ಸೇರಿಸುತ್ತೇನೆ. ಅರ್ಥಧಾರಿಗೆ ಬರೆದುಕೊಟ್ಟ ಮಾತು ಇರುವುದಿಲ್ಲ. ಭಾಗವತರು ಹಾಡಿದ ಪದ್ಯವೇ ಅವನ ಎಲ್ಲೆ. ಆ ಎಲ್ಲೆಯೊಳಗೆ ಎದುರಾಳಿ ಆಡಿದ ಮಾತನ್ನು ಹಿಡಿದುಕೊಂಡೇ ಉತ್ತರ ಕಟ್ಟಬೇಕು. ಮನೆಯಲ್ಲಿ ಸಿದ್ಧಮಾಡಿಕೊಂಡು ಬಂದದ್ದನ್ನೇ ಒಪ್ಪಿಸುವವನಿಗೆ ಸಭೆಯಲ್ಲಿ ಬೆಲೆಯಿಲ್ಲ. ನೀವು ಆ ಭಾನುವಾರ ಸೋತದ್ದು ಇಲ್ಲಿಯೇ, ಕೇಳಿಸಿಕೊಳ್ಳುವುದರಲ್ಲಿ. ಮತ್ತೆ, ವಾಲಿ ಎಷ್ಟೇ ಚೆನ್ನಾಗಿ ವಾದಿಸಿದರೂ ಪದ್ಯದ ಪ್ರಕಾರ ಸಾಯಲೇಬೇಕು. ಲೋಹಾರ್ ಚಾಳಿನಲ್ಲಿ ಹಾಗೇನೂ ಗೊತ್ತುಪಡಿಸಿಲ್ಲವಾದ್ದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯಬೇಡಿ. ತಾಳಮದ್ದಳೆಯನ್ನು ನಾಟಕ ಎಂದ ಮೇಲಧಿಕಾರಿಯನ್ನು ಒಮ್ಮೆ ಕೂಟಕ್ಕೆ ಕರೆಯಿರಿ. ಭಾಷೆ ತಿಳಿಯದಿದ್ದರೂ ಚೆಂಡೆ ಮದ್ದಳೆ ತಿಳಿಯುತ್ತದೆ.

ಮರುಉತ್ತರ: ಘಾಟ್‌ಕೋಪರದ ಅರ್ಥಧಾರಿ

ಮೂವರಿಗೂ ಕೃತಜ್ಞತೆಗಳು. ಭೋಸರಿಯವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸೋಮವಾರ ಭಿವಂಡಿಗೆ ಹೋಗಿ ಮೇಲ್ವಿಚಾರಕರೊಡನೆ ಕುಳಿತು ಮಾತನಾಡಿದೆ. ಬಿಲ್ಲಿಗೂ ಸರಕಿಗೂ ವ್ಯತ್ಯಾಸವಿದ್ದರೆ ನನ್ನನ್ನು ಕೇಳದೆ ಇಳಿಸಿಕೊಳ್ಳಬಾರದು ಎಂಬ ನಿಯಮವನ್ನು ಮಾಡಿದವನು ನಾನೇ. ಐದು ವರ್ಷಗಳ ಹಿಂದೆ ಒಂದು ಕಳವಿನ ಪ್ರಕರಣವಾದ ಮೇಲೆ ಮಾಡಿದ್ದು, ಆಮೇಲೆ ಮರೆತದ್ದು. ಈಗ 25 ಸಾವಿರ ರೂಪಾಯಿಯವರೆಗಿನ ವ್ಯತ್ಯಾಸವಿದ್ದರೆ ಅವರೇ ಸರಕನ್ನು ಇಳಿಸಿಕೊಂಡು, ಬೇರೆಯಾಗಿ ಇರಿಸಿ, ಚಿತ್ರ ತೆಗೆದು ಕಳುಹಿಸಬಹುದು ಎಂದು ಬರೆದುಕೊಟ್ಟಿದ್ದೇನೆ. ಭಾನುವಾರ ನಾಲ್ಕರಿಂದ ಎಂಟರವರೆಗೆ ನನ್ನ ಫೋನ್ ಮನೆಯಲ್ಲಿರುತ್ತದೆ.

ಕಿರುಹೊತ್ತಗೆಗೆ ಕೊಟ್ಟ ಬರಹದ ಕನ್ನಡ ರೂಪ ಹೀಗಿದೆ:

"ಮಾರಾಟವಾದ ಸರಕು ಆದಾಯವಲ್ಲ, ಅದರ ಹಣ ಬಂದ ದಿನ ಆದಾಯ ಎಂಬುದು ನನಗೆ ಹನ್ನೆರಡನೆಯ ವರ್ಷದಲ್ಲಿ ತಿಳಿಯಿತು. ಅಲ್ಲಿಯವರೆಗೆ ಮಾರ್ಚ್ ತಿಂಗಳಲ್ಲಿ ಗುರಿ ಮುಟ್ಟಲು ಗಿರಾಕಿಗಳ ಅಂಗಡಿಗೆ ಬೇಡದ ಸರಕನ್ನು ತುಂಬಿಸಿ, ಜೂನ್‌ನಲ್ಲಿ ಅದನ್ನೇ ಹಿಂದಕ್ಕೆ ಪಡೆದಿದ್ದೇನೆ. ಈಗ ವಾರದ ಮೊದಲ ಕರೆಯನ್ನು ಹಳೆಯ ಬಾಕಿಯವರಿಗೆ ಮಾಡುತ್ತೇನೆ. ಭಾನುವಾರ ಸಂಜೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತೇನೆ. ಇದು ಕರಾವಳಿ ಮತ್ತು ಮಲೆನಾಡಿನ ಕಲೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಹಾಡಿನ ನಡುವೆ ಇಬ್ಬರು ಕುಳಿತು ಪುರಾಣದ ಪಾತ್ರಗಳಾಗಿ ವಾದಿಸುತ್ತಾರೆ. ನಾನು ಹೆಚ್ಚಾಗಿ ಸೋಲುವ ಪಾತ್ರಗಳನ್ನು ವಹಿಸುತ್ತೇನೆ."

ಕಾರವಾರದವರ ಮಾತಿನಂತೆ ಎರಡು ಭಾಗಗಳ ನಡುವೆ ಸೇತುವೆ ಕಟ್ಟಲಿಲ್ಲ. ಮೇಲಧಿಕಾರಿಯವರನ್ನು ಮುಂದಿನ ತಿಂಗಳ ಕೂಟಕ್ಕೆ ಕರೆದಿದ್ದೇನೆ. ಎಷ್ಟು ಹೊತ್ತು ಕುಳಿತುಕೊಳ್ಳಬೇಕಾಗುತ್ತದೆ ಎಂದು ಕೇಳಿದ್ದಾರೆ. ನಾಲ್ಕು ಗಂಟೆ ಎಂದು ಹೇಳಲು ಇನ್ನೂ ಧೈರ್ಯ ಬಂದಿಲ್ಲ.